ರೆಮ್ನೆಂಟ್ ಎಂಬ ಪದವನ್ನು ಕನ್ನಡಕ್ಕೆ ತರುವ ಬಗೆ

ಅನುವಾದದ ಕೆಲಸಕ್ಕೆ ಕೂತ ಮೊದಲ ವರ್ಷ ನನಗೆ ಒಂದು ವಸ್ತ್ರ ಪ್ರದರ್ಶನದ ಚೀಟಿಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಸಿಕ್ಕಿತು. ಗಾಜಿನ ಪೆಟ್ಟಿಗೆಯೊಂದರಲ್ಲಿ ಹತ್ತಿಪ್ಪತ್ತು ಬಟ್ಟೆ ತುಂಡುಗಳನ್ನು ಜೋಡಿಸಿಟ್ಟಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ‘ಕಾಟನ್ ರೆಮ್ನೆಂಟ್ಸ್’ ಎಂದಿತ್ತು. ನಿಘಂಟು ತೆಗೆದೆ. ಮೊದಲ ಅರ್ಥವೇ ‘ಅವಶೇಷ’. ‘ಹತ್ತಿ ಬಟ್ಟೆಯ ಅವಶೇಷಗಳು’ ಎಂದು ಬರೆದು ಕೊಟ್ಟೆ, ಅದೇ ಅಚ್ಚಾಯಿತು.

ಪ್ರದರ್ಶನ ನೋಡಲು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಬೆಟಗೇರಿಯಲ್ಲಿ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಮನುಷ್ಯ ಅವರು. ಆ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: “ಯವ್ವಾ, ಅವಶೇಷ ಅಂದ್ರ ಸತ್ತವರದ್ದೋ ಬಿದ್ದ ಗುಡೀದ್ದೋ ಇರತೈತಿ. ಇವು ಇನ್ನಾ ಹೊಲ್ಯಾಕ ಬರೂ ಅರಿವಿ ಅದಾವಲ್ಲ.”

ಅವರು ಹೇಳಿದ್ದು ಸರಿ. ನಿಘಂಟಿನ ಅರ್ಥದಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು. ಉಳಿದದ್ದು ಯಾವುದರಿಂದ ಉಳಿಯಿತು, ಇನ್ನು ಮುಂದೆ ಅದರ ಗತಿ ಏನು ಎಂದು ಕೇಳದೆ ಪದ ಎತ್ತಿಟ್ಟಿದ್ದೆ. ಅಂದಿನಿಂದ ಈ ಒಂದು ಇಂಗ್ಲಿಷ್ ಪದ ಎದುರಾದಾಗಲೆಲ್ಲ ನಾನು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೊಸದಾಗಿ ಅನುವಾದಕ್ಕೆ ಇಳಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಜತೆ ಗುದ್ದಾಡುತ್ತಿರುವ ಮಕ್ಕಳಿಗೆ ಇದು ಉಪಯೋಗಕ್ಕೆ ಬಂದರೆ ನನ್ನ ಶ್ರಮ ಸಾರ್ಥಕ.

ಮೊದಲು ಪದವನ್ನು ಬಿಚ್ಚಿ ನೋಡಿ. ಎರಡೇ ನಿಮಿಷದ ಕೆಲಸ, ಆದರೆ ಹೆಚ್ಚಿನವರು ಮಾಡುವುದಿಲ್ಲ. ಲ್ಯಾಟಿನ್ನಿನಲ್ಲಿ ‘ಮಾನೇರೆ’ ಎಂದರೆ ನಿಲ್ಲು, ಇರು, ತಂಗು. ಅದಕ್ಕೆ ‘ರೆ’ ಸೇರಿ ‘ರೆಮಾನೇರೆ’ ಆಯಿತು: ಹಿಂದೆ ಉಳಿ. ಎಲ್ಲರೂ ಹೊರಟುಹೋದ ಮೇಲೂ ಇದ್ದಲ್ಲೇ ಇರು. ಇದು ಹಳೆಯ ಫ್ರೆಂಚಿಗೆ ಇಳಿದು ‘ರೆಮೆನಂತ್’ ಎಂಬ ಕೃದಂತ ರೂಪ ಪಡೆಯಿತು. ಅದನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಉಳಿಯುತ್ತಿರುವ’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ತಂಡೋಪತಂಡವಾಗಿ ಬಂದವಲ್ಲ, ಆ ದಾರಿಯಲ್ಲಿ ಬಂದದ್ದು ಇದು. 14ನೇ ಶತಮಾನದ ಇಂಗ್ಲಿಷಿನಲ್ಲಿ ಇನ್ನೂ ಮೂರು ಉಚ್ಚಾರಾಂಶದ ‘ರೆಮೆನಂಟ್’ ಆಗಿತ್ತು. ನಡುವಿನ ಸ್ವರ ಸವೆದು ಈಗಿನ ರೆಮ್ನೆಂಟ್ ಆಯಿತು.

ಇದರ ಅಣ್ಣತಮ್ಮಂದಿರನ್ನೂ ಒಮ್ಮೆ ನೋಡಿಕೊಳ್ಳಿ. ರಿಮೇನ್, ರಿಮೇಂಡರ್ ಎದ್ದು ಕಾಣುತ್ತವೆ. ಪರ್ಮನೆಂಟ್ ಕೂಡ ಇದೇ ಮನೆಯದು, ಕೊನೆಯವರೆಗೂ ನಿಲ್ಲುವುದು. ಮ್ಯಾನ್ಶನ್ ಸಹ ಹೌದು, ಎಂದರೆ ತಂಗುವ ಜಾಗ. ಹೀಗೆ ನೆಂಟರನ್ನು ಒಟ್ಟಿಗೆ ಕೂರಿಸಿದಾಗ ಒಂದು ವಿಷಯ ತಾನಾಗಿ ಹೊಳೆಯುತ್ತದೆ. ಈ ಪದದ ಒಳಗೆ ಕಸ ಇಲ್ಲ, ಕೊಳೆ ಇಲ್ಲ, ಎಸೆಯುವ ಮಾತೂ ಇಲ್ಲ. ನಿಂತದ್ದು ಎಂಬ ಭಾವ ಮಾತ್ರ ಇದೆ.

‘ಉಳಿದದ್ದು’ ಎಂದು ನಾವು ಒಂದೇ ಗಂಟಿಗೆ ಕಟ್ಟುವ ಬೇರೆ ಇಂಗ್ಲಿಷ್ ಪದಗಳು ಹಾಗಿಲ್ಲ. ರೆಸಿಡ್ಯೂ ಎಂದರೆ ‘ಹಿಂದೆ ಕೂತದ್ದು’. ಅದರ ಮೂಲದಲ್ಲಿ ಕೂರುವ ಕ್ರಿಯೆ ಇದೆ, ರೆಸಿಡೆಂಟ್ ಪದದಲ್ಲಿ ಇರುವುದೂ ಅದೇ. ಆದ್ದರಿಂದ ಅದಕ್ಕೆ ನಮ್ಮ ಗಸಿ, ಚರಟ ಎಷ್ಟು ಚೆನ್ನಾಗಿ ಒಪ್ಪುತ್ತವೆ ನೋಡಿ. ಬೆಣ್ಣೆ ಕಾಸಿದಾಗ ಪಾತ್ರೆಯ ತಳಕ್ಕೆ ಕೂರುತ್ತದಲ್ಲ, ಆ ಜಾತಿ. ಸ್ಕ್ರ್ಯಾಪ್ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಮೂಲದಲ್ಲಿ ಕೆರೆದು ತೆಗೆದದ್ದು. ನಮ್ಮ ಗುಜರಿ ಅಂಗಡಿಗೆ ಅದು ಸರಿ. ರೆಲಿಕ್ ಎಂದರೆ ಬಿಟ್ಟುಹೋದದ್ದು. ಇದರ ಲ್ಯಾಟಿನ್ ಧಾತುವಿಗೂ ನಮ್ಮ ‘ರಿಕ್ತ’, ‘ಅತಿರಿಕ್ತ’ ಪದಗಳ ಹಿಂದಿರುವ ಸಂಸ್ಕೃತ ಧಾತುವಿಗೂ ಒಂದೇ ಮೂಲ. ಆ ಬೇರಿನ ಇನ್ನೊಂದು ಕವಲು ಇಂಗ್ಲಿಷಿನ ಇಲೆವೆನ್. ಹತ್ತು ಎಣಿಸಿದ ಮೇಲೆ ‘ಒಂದು ಉಳಿಯಿತು’ ಎಂಬುದು ಅದರ ಹಳೆಯ ಅರ್ಥ, ಟ್ವೆಲ್ವ್ ಎಂದರೆ ‘ಎರಡು ಉಳಿಯಿತು’. ಬೆರಳೆಣಿಸುತ್ತಾ ಕೂತ ಯಾರೋ ಹಿಂದಿನವರು ನನ್ನ ಕಣ್ಣ ಮುಂದೆ ಬರುತ್ತಾರೆ. ಅನುವಾದಕ್ಕೆ ಇದರಿಂದ ನೇರ ಉಪಯೋಗ ಇಲ್ಲ. ಆದರೂ ಇಂಥದ್ದು ತಿಳಿದಾಗ ಪದಗಳ ಮೇಲೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಇಲ್ಲದೆ ಈ ಕೆಲಸ ಸಾಗುವುದಿಲ್ಲ.

ಈಗ ಕನ್ನಡದ ಕಡೆ ತಿರುಗಿ. ಇಲ್ಲಿ ನಿಧಾನ ಬೇಕು.

ಕನ್ನಡದಲ್ಲಿ ಉಳಿಕೆಯ ಮಾತಿಗೆ ಎರಡು ದೊಡ್ಡ ಬೇರುಗಳಿವೆ. ಒಂದು ‘ಮಿಗು’, ಇನ್ನೊಂದು ‘ಉಳಿ’. ಮಿಗು ಎಂದರೆ ಮೀರು, ಹೆಚ್ಚಾಗು. ಅಡುಗೆ ಮಿಕ್ಕಿತು ಎಂದರೆ ಉಂಡವರ ಹಸಿವನ್ನು ಮೀರಿ ಅನ್ನ ಇತ್ತು ಎಂದು. ಅಲ್ಲಿ ಕಳೆದುಕೊಂಡ ಭಾವ ಇಲ್ಲ, ಸಮೃದ್ಧಿ ಇದೆ. ಉಳಿ ಎಂದರೆ ಹೋಗದೆ ನಿಲ್ಲು. ಬದುಕುಳಿದ, ಪ್ರಾಣ ಉಳಿಯಿತು, ಉಳಿತಾಯ, ಉಳಿಸು, ಊರಿಗೆ ಹೋದವನು ಅಲ್ಲೇ ಎರಡು ದಿನ ಉಳಿದ. ಹೋಗಬಹುದಾಗಿದ್ದದ್ದು ಹೋಗಲಿಲ್ಲ ಎಂಬ ಒಂದು ನಿಟ್ಟುಸಿರು ಈ ಧಾತುವಿನಲ್ಲಿದೆ. ರೆಮ್ನೆಂಟ್ ಸೇರುವುದು ಈ ಎರಡನೆಯ ಕಡೆಗೆ. ಲೆಫ್ಟ್‌ಓವರ್, ಸರ್‌ಪ್ಲಸ್ ಹೆಚ್ಚಾಗಿ ಮಿಗುವಿನ ಕಡೆಗೆ. ಈ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಅದಾದ ಮೇಲೆ ವಾಕ್ಯವನ್ನು ಹಿಡಿದು ಮೂರು ಪ್ರಶ್ನೆ ಕೇಳಿ. ಇದು ಯಾವ ಇಡಿಯ ತುಂಡು? ಆ ಇಡಿಗೆ ಏನಾಯಿತು: ಖರ್ಚಾಯಿತೋ, ಸತ್ತಿತೋ, ಕಡಿದುಹೋಯಿತೋ, ಮಾರಿಹೋಯಿತೋ? ಈ ಉಳಿದದ್ದಕ್ಕೆ ಮುಂದೆ ಬಾಳು ಇದೆಯೋ ಇಲ್ಲವೋ? ಮೂರನೆಯದು ನಾನು ಅಪ್ಪನಿಂದ ಕಲಿತದ್ದು.

ಅಪ್ಪನ ಅಂಗಡಿಯಲ್ಲಿ ಒಂದು ತಗಡಿನ ಟ್ರಂಕ್ ಇತ್ತು. ಥಾನಿನ ಕೊನೆಯಲ್ಲಿ ಉಳಿದ ಬಟ್ಟೆಯನ್ನು ಸುರುಳಿ ಸುತ್ತಿ, ಅದೇ ಬಟ್ಟೆಯ ಅಂಚಿನಿಂದ ಹರಿದ ಪಟ್ಟಿಯಲ್ಲಿ ಕಟ್ಟಿ, ‘ಮುಕ್ಕಾಲು’, ‘ಅರ್ಧಾ ನಾಕ ಬೆರಳ’ ಎಂದು ಚೀಟಿ ಸಿಕ್ಕಿಸಿ ಅದರಲ್ಲಿ ಇಡುತ್ತಿದ್ದರು. ಇವಕ್ಕೆ ಅವರು ‘ತುಕಡಿ’ ಎನ್ನುತ್ತಿದ್ದರು. ಇವುಗಳಲ್ಲಿ ಮಗುವಿಗೆ ಒಂದು ಅಂಗಿ ಬರುತ್ತಿತ್ತು, ಕಡಿಮೆ ಬಿದ್ದ ತೋಳಿಗೆ ಜೋಡು ಸಿಗುತ್ತಿತ್ತು. ಕತ್ತರಿ ಆಡಿಸುವಾಗ ನೆಲಕ್ಕೆ ಬಿದ್ದವು ಬೇರೆ. ಅಂಗೈ ಅಗಲದವು ‘ಚೂರು’, ಅವನ್ನು ಗಂಟು ಕಟ್ಟಿ ಮೂಲೆಗೆ ಇಡುತ್ತಿದ್ದರು. ಕೌದಿ ಹೊಲಿಯುವ ಹೆಣ್ಣುಮಕ್ಕಳು ಬಂದು ಒಯ್ಯುತ್ತಿದ್ದರು. ಅದಕ್ಕಿಂತ ಚಿಕ್ಕವು ‘ಚಿಂದಿ’. ಅವು ದಿಂಬಿಗೆ ತುಂಬಲು, ಮಿಷನ್ನಿನ ಎಣ್ಣೆ ಒರೆಸಲು. ಒಂದೇ ಬಟ್ಟೆ, ಒಂದೇ ಕತ್ತರಿ, ಮೂರು ಹೆಸರು. ಅಳತೆಗಿಂತ ಹೆಚ್ಚಾಗಿ ಮುಂದಿನ ಉಪಯೋಗವೇ ಹೆಸರನ್ನು ಕೊಡುತ್ತಿತ್ತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಇದನ್ನೇ ‘ಕಟ್‌ಪೀಸ್’ ಎಂದು ಮಾರುತ್ತಾರೆ. ಅದೂ ಈಗ ಕನ್ನಡದ ಪದವೇ, ಹಿಂಜರಿಕೆ ಬೇಡ. ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ರೆಮ್ನೆಂಟ್ ಕಂಡರೆ ಮೈಸೂರು ಸೀಮೆಯ ಓದುಗರಿಗೆ ಕಟ್‌ಪೀಸ್ ಎನ್ನಿ, ನಮ್ಮ ಕಡೆಯವರಿಗೆ ತುಕಡಿ ಎನ್ನಿ.

ಊಟದ ವಿಷಯ ಬಂದಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಲ್ಲಿ ತಪ್ಪು ಪದ ಹಾಕಿದರೆ ಓದುವವರ ಬಾಯಿ ಕಹಿಯಾಗುತ್ತದೆ. ಪಾತ್ರೆಯಲ್ಲಿ ಉಳಿದದ್ದು ಮಿಕ್ಕ ಅಡುಗೆ. ರಾತ್ರಿ ಕಳೆದರೆ ಅದು ತಂಗಳು. ಕೆಟ್ಟರೆ ಹಳಸಿದ್ದು. ತಟ್ಟೆಯಲ್ಲಿ ಬಿಟ್ಟದ್ದು ಎಂಜಲು. ಇಂಗ್ಲಿಷಿನವರು ‘ರೆಮ್ನೆಂಟ್ಸ್ ಆಫ್ ದ ಮೀಲ್’ ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತಾರೆ, ನೀವು ಮಾತ್ರ ಅದು ಪಾತ್ರೆಯಲ್ಲಿತ್ತೋ ತಟ್ಟೆಯಲ್ಲಿತ್ತೋ ಎಂದು ಹಿಂದಿನ ಪುಟ ತಿರುವಿ ನೋಡಲೇಬೇಕು. ಎಂಜಲಿನ ಕಥೆಯನ್ನು ಇಲ್ಲಿ ಹೇಳದೆ ಇರಲಾರೆ. ತಮಿಳಿನಲ್ಲಿ ‘ಎಂಜು’ ಎಂದರೆ ಉಳಿ ಎಂದು. ಆ ಬಳಗದ್ದೇ ನಮ್ಮ ಎಂಜಲು. ಬೇರಿನಲ್ಲಿ ಅದಕ್ಕೆ ಬರೀ ಉಳಿದದ್ದು ಎಂಬ ಅರ್ಥ, ಬಾಯಿ ತಗಲಿದ್ದು ಎಂಬ ಅರ್ಥ ಆಮೇಲೆ ಮೆತ್ತಿಕೊಂಡದ್ದು. ಸಂಸ್ಕೃತದ ಉಚ್ಛಿಷ್ಟಕ್ಕೂ ಹೀಗೇ ಆಗಿದೆ. ಶೇಷ, ಅವಶೇಷ, ಉಚ್ಛಿಷ್ಟ, ವಿಶೇಷ ಎಲ್ಲವೂ ಉಳಿಸು ಎಂಬ ಅರ್ಥದ ‘ಶಿಷ್’ ಧಾತುವಿನ ಮಕ್ಕಳು. ಒಬ್ಬ ಮಗ ಲೋಕವೆಲ್ಲ ಲಯವಾದ ಮೇಲೂ ಉಳಿಯುವ ಆದಿಶೇಷ, ಇನ್ನೊಬ್ಬ ಎಲೆಯ ಮೇಲಿನ ಎಂಜಲು. ಒಂದೇ ಧಾತುವಿನವು ಎಂದು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾದೀತೇ? ಮೂಲ ದಾರಿ ತೋರಿಸುತ್ತದೆ, ಆದರೆ ಇಂದಿನ ಬಳಕೆಯೇ ತೀರ್ಪು ಕೊಡಬೇಕು.

ಲೆಕ್ಕಪತ್ರದಲ್ಲಿ ರೆಮ್ನೆಂಟ್ ಅಪರೂಪ. ಬಂದರೂ ಅದು ಉಳಿದ ಹಣವೋ ಕೊಡಬೇಕಾದ ಹಣವೋ ನೋಡಿ. ಕೈಯಲ್ಲಿ ಉಳಿದದ್ದು ಶಿಲ್ಕು. ಬಾಕಿ ಎಂಬುದು ಅರಬ್ಬಿಯಲ್ಲಿ ಉಳಿದದ್ದು ಎಂದೇ ಅರ್ಥವಿದ್ದರೂ ನಮ್ಮಲ್ಲಿ ಸಾಲದ ಕಡೆಗೆ ವಾಲಿದೆ. ಭಾಗಾಕಾರದ ಲೆಕ್ಕದಲ್ಲಿ ಉಳಿಯುವುದು ಶೇಷ, ಅಲ್ಲಿ ಇಂಗ್ಲಿಷ್ ಪದವೂ ರಿಮೇಂಡರ್, ರೆಮ್ನೆಂಟ್ ಅಲ್ಲ.

ಹಾಗಾದರೆ ಅವಶೇಷ ಎಂಬ ಪದಕ್ಕೆ ಜಾಗವೇ ಇಲ್ಲವೇ? ಇದೆ, ಒಳ್ಳೆಯ ಜಾಗ ಇದೆ. ಬೆಟಗೇರಿಯಿಂದ ಸ್ವಲ್ಪ ದೂರ ಹೋದರೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಅಲ್ಲಿ ಒಡೆದ ಕಂಬ, ಮುಕ್ಕಾದ ಮೂರ್ತಿ, ಕುಸಿದ ಗೋಡೆಗಳನ್ನು ಅವಶೇಷ ಎಂದರೆ ಯಾರೂ ಬೇರೆ ಪದ ಹುಡುಕುವುದಿಲ್ಲ. ಆಕಾಶದಲ್ಲೂ ಅದಕ್ಕೆ ಜಾಗ ಇದೆ. 1054ರಲ್ಲಿ ಚೀನೀಯರು ಹಾಡುಹಗಲೇ ಕಂಡ ಹೊಸ ನಕ್ಷತ್ರವೊಂದರ ಸ್ಫೋಟದಿಂದ ಉಳಿದದ್ದು ಏಡಿ ನೀಹಾರಿಕೆ. ಖಗೋಳದವರು ಅದನ್ನು ಸೂಪರ್‌ನೋವಾ ರೆಮ್ನೆಂಟ್ ಎನ್ನುತ್ತಾರೆ. ‘ಸೂಪರ್‌ನೋವಾ ಅವಶೇಷ’ ಎಂದರೆ ಸರಿಯಾಗಿ ಕೂರುತ್ತದೆ, ಯಾಕೆಂದರೆ ಇಡಿ ಸತ್ತಿದೆ. ಅಪ್ಪ ಹೇಳಿದ ಅಳತೆಗೆ ಅದು ಒಪ್ಪುತ್ತದೆ. ಇದೇ ಗಳಿಗೆಯಲ್ಲಿ ಒಂದು ಎಚ್ಚರಿಕೆ: ಮಾರ್ಟಲ್ ರಿಮೇನ್ಸ್ ಎಂದು ಬಂದರೆ ಅದು ಪಾರ್ಥಿವ ಶರೀರ. ಅಲ್ಲಿಗೆ ಅವಶೇಷ ಹಾಕಿದರೆ ಸತ್ತವರ ಮನೆಯವರಿಗೆ ನೋವಾಗುತ್ತದೆ.

ಜನರ ಬಗ್ಗೆ ಬಂದಾಗ ಏನು ಮಾಡುವುದು? ಬೈಬಲ್ಲಿನ ಯೆಶಾಯನ ಭಾಗದಲ್ಲಿ ಈ ಪದ ಮತ್ತೆಮತ್ತೆ ಬರುತ್ತದೆ. 1611ರ ಇಂಗ್ಲಿಷ್ ಬೈಬಲ್ ರೆಮ್ನೆಂಟ್ ಎಂಬ ಪದವನ್ನೇ ಬಳಸಿದೆ. ಪ್ರವಾದಿ ತನ್ನ ಮಗನಿಗೆ ಇಟ್ಟ ಹೆಸರೇ ‘ಉಳಿದವರು ತಿರುಗಿ ಬರುವರು’ ಎಂಬ ಅರ್ಥದ್ದು. ಸೋತ, ಚದುರಿದ, ಆದರೂ ಅಳಿಯದ ಜನ. ಇಂಥ ಕಡೆ ನನಗೆ ಕನ್ನಡದಲ್ಲಿ ಸಿಕ್ಕ ಅತ್ಯಂತ ಸರಿಯಾದ ಮಾತು ‘ಅಳಿದುಳಿದ’. ಈ ಪದವನ್ನು ಬಾಯಲ್ಲಿ ಹೇಳಿಕೊಂಡು ನೋಡಿ. ಅಳಿದದ್ದೂ ಅದರಲ್ಲಿದೆ, ಉಳಿದದ್ದೂ ಇದೆ. ಇಂಗ್ಲಿಷ್ ಪದ ಉಳಿದದ್ದನ್ನು ಮಾತ್ರ ತೋರಿಸಿ, ಹೋದದ್ದನ್ನು ಓದುಗರ ಊಹೆಗೆ ಬಿಡುತ್ತದೆ. ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಯುದ್ಧದ ನಂತರದ ಅಳಿದುಳಿದ ಸೈನ್ಯ, ಬರದ ನಂತರದ ಅಳಿದುಳಿದ ದನಕರು. ಸೊಗಸಾದ ಈ ಮಾತು ನಮ್ಮ ಮನೆಯೊಳಗೇ ಇದ್ದಾಗ ನಾವು ಅವಶೇಷ ಅವಶೇಷ ಎಂದು ಬರೆಯುತ್ತಾ ಹೋಗುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಒಂದು ವಾಕ್ಯವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ‘ಎ ಸ್ಮಾಲ್ ರೆಮ್ನೆಂಟ್ ಆಫ್ ದ ಓಲ್ಡ್ ಫಾರೆಸ್ಟ್ ಸ್ಟಿಲ್ ಸ್ಟ್ಯಾಂಡ್ಸ್ ಬಿಹೈಂಡ್ ದ ಟೆಂಪಲ್.’ ಪರಿಸರದ ಬರಹಗಳಲ್ಲಿ ಇಂಥದ್ದು ಸಾಮಾನ್ಯ. ಮೊದಲ ಸಲ ಕೈಗೆ ಬರುವುದು ಹೀಗೆ: ‘ಹಳೆಯ ಅರಣ್ಯದ ಒಂದು ಸಣ್ಣ ಅವಶೇಷವು ದೇವಸ್ಥಾನದ ಹಿಂದೆ ಇನ್ನೂ ನಿಂತಿದೆ.’ ವ್ಯಾಕರಣ ಸರಿ, ಆದರೆ ಓದಿದವರಿಗೆ ಅಲ್ಲಿ ಮುರಿದ ಕಲ್ಲು ಕಾಣುತ್ತದೆ, ಮರ ಕಾಣುವುದಿಲ್ಲ. ಮೂರು ಪ್ರಶ್ನೆ ಕೇಳಿ. ಇಡಿ ಯಾವುದು? ಕಾಡು. ಅದಕ್ಕೇನಾಯಿತು? ಕಡಿದರು, ತೋಟ ಮಾಡಿದರು. ಉಳಿದದ್ದಕ್ಕೆ ಬಾಳು ಇದೆಯೇ? ಇದೆ, ಹಸಿರಾಗಿ ನಿಂತಿದೆ, ಹಕ್ಕಿ ಗೂಡು ಕಟ್ಟುತ್ತದೆ. ಕೊಡಗಿನ ದೇವರಕಾಡುಗಳನ್ನು ನೆನೆಸಿಕೊಳ್ಳಿ, ಸಾವಿರಕ್ಕೂ ಹೆಚ್ಚು ಇವೆ, ಕಾಫಿ ತೋಟಗಳ ನಡುವೆ ಹಳೆಯ ಕಾಡಿನ ತುಂಡುಗಳಾಗಿ ಉಳಿದಿವೆ. ಎರಡನೆಯ ಸಲ ಬರೆಯಿರಿ: ‘ಹಿಂದೆ ಇಲ್ಲೆಲ್ಲ ಕಾಡೇ. ಈಗ ಉಳಿದಿರುವುದು ಗುಡಿಯ ಹಿಂದಿನ ಒಂದಿಷ್ಟು ಮರ ಮಾತ್ರ.’ ಅಥವಾ ಒಂದೇ ವಾಕ್ಯ ಬೇಕಿದ್ದರೆ: ‘ಆ ಹಳೆಯ ಕಾಡು ಗುಡಿಯ ಹಿಂದೆ ಒಂದಿಷ್ಟು ಇನ್ನೂ ಉಳಿದಿದೆ.’

ಇಲ್ಲಿ ಏನಾಯಿತು ಗಮನಿಸಿದಿರಾ? ಇಂಗ್ಲಿಷಿನ ನಾಮಪದ ಕನ್ನಡದಲ್ಲಿ ಕ್ರಿಯಾಪದ ಆಯಿತು. ಇದರಲ್ಲಿ ಅಳುಕಬೇಕಾದ್ದು ಏನೂ ಇಲ್ಲ. ಆ ಪದ ಫ್ರೆಂಚಿನಲ್ಲಿ ಹುಟ್ಟುವಾಗ ಕ್ರಿಯೆಯಿಂದಲೇ ಹುಟ್ಟಿದ್ದು, ‘ಉಳಿಯುತ್ತಿರುವ’ ಎಂಬ ರೂಪದಲ್ಲಿ. ನಾವು ಅದನ್ನು ಅದರ ತವರಿಗೆ ಕಳಿಸಿದಂತಾಯಿತು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ‘ಉಳಿ’ ಎಂಬ ಕ್ರಿಯೆಯೇ ಸಾಕು, ನಾಮಪದ ಹುಡುಕಲೇಬೇಕಿಲ್ಲ.

ನಾಮಪದ ಬೇಕೇಬೇಕು ಎನಿಸಿದಾಗ ಕಸುಬಿನವರನ್ನು ಕೇಳಿ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಬುಡ ಕೂಳೆ, ಅದರಿಂದ ಮರುವರ್ಷದ ಕೂಳೆ ಬೆಳೆ ಬರುತ್ತದೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು ಹಿಂಡಿ. ಒಂದೊಂದು ಕಸುಬಿನವರೂ ತಮ್ಮ ಉಳಿಕೆಗೆ ಹೆಸರಿಟ್ಟುಕೊಂಡಿದ್ದಾರೆ, ಏಕೆಂದರೆ ಅವರು ಅದನ್ನು ಎಸೆದವರಲ್ಲ. ಹೀಗೆ ಸಿಕ್ಕ ಪದವನ್ನು ಹಾಗೇ ಬಳಸುವ ಮೊದಲು ತಿರುಗುಮುರುಗಾಗಿ ಒಮ್ಮೆ ಪರೀಕ್ಷೆ ಮಾಡಿ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಸಿಕ್ಕಿದ್ದನ್ನು ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿ. ನಾನು ಕಿಟ್ಟೆಲ್ ಅವರ 1894ರ ನಿಘಂಟನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಅಲ್ಲಿ ಒಂದು ಪದದ ಸುತ್ತ ಅದರ ಸೋದರ ಭಾಷೆಗಳ ರೂಪಗಳೂ ಸಿಗುತ್ತವೆ. ಕೊನೆಗೆ ವಾಕ್ಯವನ್ನು ಗಟ್ಟಿಯಾಗಿ, ಇಂಗ್ಲಿಷ್ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು ಹುಬ್ಬು ಗಂಟಿಕ್ಕಿದ ಕಡೆ ಪೆನ್ಸಿಲ್ ಗುರುತು ಹಾಕಿ.

ನನಗೆ ಆ ಒಬ್ಬರು ಅವ್ವ. ಹೋದ ತಿಂಗಳು ಕೌದಿಗಳ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿಯ ವಿಷಯ ಅದರಲ್ಲಿತ್ತು. ಮೂಲೆಗಳಿಗೆ ತ್ರಿಕೋನದ ತುಂಡು ಇಟ್ಟು ಅದಕ್ಕೆ ಫೂಲ ಎನ್ನುತ್ತಾರೆ, ಹೂವು ಎಂದು. ಆ ತುಂಡುಗಳಿಗೆ ಲೇಖನದ ಉದ್ದಕ್ಕೂ ರೆಮ್ನೆಂಟ್ ಎಂಬ ಪದ. ಎಲ್ಲ ಕಡೆ ‘ಚೂರು’ ಎಂದು ಹಾಕಿ ಅವ್ವನಿಗೆ ಓದಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. “ನೆಲದ ಮ್ಯಾಗ ಬಿದ್ದಾಗ ಚೂರು. ಕೌದ್ಯಾಗ ಕುಂತ ಮ್ಯಾಲ ಅದಕ್ಕ ತ್ಯಾಪಿ ಅಂತಾರವಾ,” ಎಂದಳು. ಲೇಖನದ ಎರಡನೆಯ ಅರ್ಧದಲ್ಲಿ, ಹೊಲಿಗೆ ಶುರುವಾದ ಜಾಗದಿಂದ ಮುಂದಕ್ಕೆ, ಎಲ್ಲ ಚೂರುಗಳನ್ನೂ ‘ತ್ಯಾಪಿ’ ಎಂದು ತಿದ್ದಿ ಕಳಿಸಿದೆ.